ಹತ್ತು ಕಿಲೋ ಇಳಿದರೆ ಹೇಗೆ ಕಾಣುತ್ತೇನೆ? ಚಿತ್ರ ತೋರಿಸುವ ಉಪಕರಣಗಳಲ್ಲಿ ಯಾವುದು ಯಾರಿಗೆ

ಗಣಪತಿ ವಿಸರ್ಜನೆ ಮುಗಿದ ಮರುವಾರದಿಂದ ಮುಂಬೈಯ ಮಾಟುಂಗದ ನನ್ನ ಹೊಲಿಗೆ ಅಂಗಡಿಗೆ ಮದುವೆಯ ರವಿಕೆಗಳು ಬರತೊಡಗುತ್ತವೆ. ದಾದರಿನ ಹಿಂದ್‌ಮಾತಾದಲ್ಲಿ ಸೀರೆ ಕೊಂಡು, ಅದೇ ಚೀಲ ಹಿಡಿದು ನೇರವಾಗಿ ಇಲ್ಲಿಗೆ ಬರುವವರೇ ಹೆಚ್ಚು. ಈಗೀಗ ಸೀರೆಯ ಜೊತೆಗೆ ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತರುತ್ತಾರೆ. ಮದುವೆಯ ಹೊತ್ತಿಗೆ ತಾವು ಎಷ್ಟು ಸಣ್ಣಗಾಗಿರುತ್ತೇವೆ ಎಂದು ಯಾವುದೋ ಜಾಲತಾಣ ಬಿಡಿಸಿಕೊಟ್ಟ ಅವರದೇ ಚಿತ್ರ ಅದು.

ಈ ಸಲ ಡೊಂಬಿವಲಿಯಿಂದ ಬಂದ ಹುಡುಗಿಯೊಬ್ಬಳು ನಾಲ್ಕು ಚಿತ್ರ ತಂದಿದ್ದಳು. ಎತ್ತರ 155 ಸೆಂಟಿಮೀಟರ್, ತೂಕ 72 ಕಿಲೋ, ಫೆಬ್ರವರಿಯ ಮದುವೆಗೆ 62 ಆಗಬೇಕೆಂಬ ಆಸೆ. ನಾಲ್ಕು ಉಪಕರಣಗಳಿಗೂ ಕೊಟ್ಟದ್ದು ಅದೇ ಎತ್ತರ, ಅದೇ ತೂಕ. ಬಂದದ್ದು ಮಾತ್ರ ನಾಲ್ಕು ಬೇರೆ ಬೇರೆ ಹೆಂಗಸರು. "ಅಕ್ಕಾ, ಇದರಲ್ಲಿ ನಾನು ಯಾರು? ಯಾವುದರ ಅಳತೆಗೆ ಹೊಲಿಯುತ್ತೀರಿ?" ಎಂದು ಕೇಳಿದಳು. ಕುಂದಾಪುರ ಕಡೆಯ ಅವಳ ತಾಯಿ ಪಕ್ಕದಲ್ಲಿ ಕುಳಿತು, ಈ ಚಿತ್ರಗಳನ್ನು ನೋಡಿದ ದಿನದಿಂದ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ ಎಂದರು. ಆ ಮಾತು ನನ್ನನ್ನು ಕಲಕಿತು. ಇದೇ ಪ್ರಶ್ನೆಯನ್ನು ಇನ್ನೂ ಐದಾರು ಜನ ಕೇಳಿದ್ದರಿಂದ ಆ ಉಪಕರಣಗಳನ್ನೆಲ್ಲ ನಾನೇ ಕುಳಿತು ಬಳಸಿ ನೋಡಿದೆ. ಹಲವು ವರ್ಷಗಳಿಂದ ದೇಹಗಳಿಗೆ ಟೇಪು ಸುತ್ತಿದವಳ ಕಣ್ಣಿಗೆ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒರೆಗಲ್ಲು

ಯಾವ ಉಪಕರಣವನ್ನೇ ಆಗಲಿ, ನಾನು ಮೊದಲು ಒರೆಗೆ ಹಚ್ಚುವುದು ಅದು ನಿಮ್ಮಿಂದ ಏನನ್ನು ಕೇಳಿ ತಿಳಿದುಕೊಳ್ಳುತ್ತದೆ ಎಂಬುದನ್ನು. ನನ್ನ ಅಳತೆ ಪುಸ್ತಕದಲ್ಲಿ ಇಬ್ಬರು ಹೆಂಗಸರಿದ್ದಾರೆ. ಎತ್ತರ ಒಂದೇ, ಇಬ್ಬರೂ ಸುಮಾರು ಹತ್ತು ಕಿಲೋ ಇಳಿದವರು. ಒಬ್ಬರ ಸೊಂಟ ನಾಲ್ಕು ಇಂಚು ಇಳಿಯಿತು, ತೋಳು ಹಾಗೆಯೇ ಉಳಿಯಿತು. ಇನ್ನೊಬ್ಬರ ಸೊಂಟ ಎರಡೇ ಇಂಚು ಇಳಿದು, ಬೆನ್ನು ಮತ್ತು ಎದೆಯಡಿಯ ಸುತ್ತಳತೆ ಎಷ್ಟು ಕುಗ್ಗಿತೆಂದರೆ ಹಳೆಯ ರವಿಕೆಗಳನ್ನೆಲ್ಲ ಬಿಚ್ಚಿ ಹೊಲಿಯಬೇಕಾಯಿತು. ಕೊಬ್ಬು ಮೊದಲು ಎಲ್ಲಿಂದ ಕರಗಬೇಕು ಎಂಬುದನ್ನು ನಿರ್ಧರಿಸುವುದು ಹುಟ್ಟು, ವಯಸ್ಸು, ಹಾರ್ಮೋನು. ಹೊಟ್ಟೆಯ ವ್ಯಾಯಾಮ ಮಾಡಿದ ಮಾತ್ರಕ್ಕೆ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ. ಹೀಗಿರುವಾಗ ಎತ್ತರ ಮತ್ತು ತೂಕ ಎರಡನ್ನೇ ಕೇಳುವ ಉಪಕರಣ ನಿಮ್ಮ ಚಿತ್ರವನ್ನು ಬಿಡಿಸಲಾರದು. ಅಂಥ ಎತ್ತರ, ಅಂಥ ತೂಕದ ಸರಾಸರಿ ವ್ಯಕ್ತಿಯೊಬ್ಬರ ಚಿತ್ರವನ್ನು ಬಿಡಿಸುತ್ತದೆ.

ಆ ಸರಾಸರಿ ಯಾರದು ಎಂಬುದು ಎರಡನೆಯ ಪ್ರಶ್ನೆ. ದೇಹದ ಮೂರು ಆಯಾಮದ ಮಾದರಿಗಳಲ್ಲಿ ಹಲವು 'ಸೀಸರ್' ಎಂಬ ಯೋಜನೆಯ ಲೇಸರ್ ಅಳತೆಗಳಿಂದ ಕಲಿತಿವೆ. ಆ ಅಳತೆಗಳನ್ನು ತೆಗೆದದ್ದು ಉತ್ತರ ಅಮೆರಿಕ, ನೆದರ್‌ಲೆಂಡ್ಸ್ ಮತ್ತು ಇಟಲಿಯ ಜನರಿಂದ. ನಮ್ಮ ಮೈಯ ಲೆಕ್ಕ ಬೇರೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರದೇ ಉದಾಹರಣೆ ಕೊಟ್ಟು ಇದನ್ನು ತೋರಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, ಕೂಡ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು 9.1 ಪ್ರತಿಶತ, ಯಾಜ್ಞಿಕ್ ಅವರಲ್ಲಿ 21.2 ಪ್ರತಿಶತ. ನೋಡಲು ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವ ಈ ಮೈಕಟ್ಟನ್ನು ನಾನು ದಿನವೂ ಟೇಪಿನಲ್ಲಿ ನೋಡುತ್ತೇನೆ: ತೋಳು ಹತ್ತು ಇಂಚು, ಸೊಂಟ ಮೂವತ್ತಾರು. ಭಾರತೀಯರಿಗೆ ಬಿಎಂಐ 23 ದಾಟಿದರೇ ಹೆಚ್ಚಿನ ತೂಕ ಎಂದು ವೈದ್ಯರು ಎಣಿಸುವುದೂ ಇದೇ ಕಾರಣಕ್ಕೆ. ನಮ್ಮವರ ಅಳತೆಗಳನ್ನು ಸ್ಕ್ಯಾನರಿನಿಂದ ಸಂಗ್ರಹಿಸಲು ಫ್ಯಾಷನ್ ಶಿಕ್ಷಣದ ನಿಫ್ಟ್ ಸಂಸ್ಥೆ 'ಇಂಡಿಯಾಸೈಜ್' ಎಂಬ ಸಮೀಕ್ಷೆ ಕೈಗೊಂಡಿತು. ಮುಂಬೈ ಸೇರಿ ಆರು ನಗರಗಳ 25,000 ಜನರನ್ನು ಅಳೆಯುವುದು ಅದರ ಗುರಿಯಾಗಿತ್ತು. ಈ ಚಿತ್ರದ ಉಪಕರಣಗಳಿಗೂ ಅಂಥ ಅಳತೆಗಳು ಸೇರುವ ದಿನ ಬರಲಿ ಎಂದು ಹಾರೈಸುತ್ತೇನೆ.

ನಿಮ್ಮ ಫೋಟೋ ಎಲ್ಲಿಗೆ ಹೋಗುತ್ತದೆ, ಎಷ್ಟು ಹಣ ಕೇಳುತ್ತದೆ ಎಂಬುವು ಮುಂದಿನ ಎರಡು. ಕೊನೆಯದನ್ನು ಯಾರೂ ಕೇಳುವುದಿಲ್ಲ, ನಾನು ಮೊದಲೇ ಕೇಳಬೇಕಿತ್ತು: ಆ ಚಿತ್ರ ನೋಡಿದ ಮೇಲೆ ನಿಮ್ಮ ಊಟ ಮತ್ತು ನಿದ್ದೆ ಹೇಗಿವೆ?

ಎತ್ತರ, ತೂಕ ಹೇಳಿದರೆ ಬೊಂಬೆ ತೋರಿಸುವವು

'ಮಾಡೆಲ್ ಮೈ ಡಯಟ್' ಥರದವು ಇವು. ಇಂದಿನ ತೂಕ, ಬಯಸಿದ ತೂಕ ಹಾಕಿದರೆ ಎರಡು ಬೊಂಬೆಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಫೋಟೋ ಕೊಡಬೇಕಿಲ್ಲ, ಹಾಗಾಗಿ ಗುಟ್ಟು ರಟ್ಟಾಗುವ ಭಯವಿಲ್ಲ. ಹತ್ತು ಕಿಲೋ ಎಂದರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವೇ ಎಂಬ ಅಂದಾಜು ಸಿಗುತ್ತದೆ. ಅದಕ್ಕಿಂತ ಹೆಚ್ಚನ್ನು ಇವುಗಳಿಂದ ನಿರೀಕ್ಷಿಸಬೇಡಿ. ಹುಡುಗಿ ತಂದ ನಾಲ್ಕರಲ್ಲಿ ಎರಡು ಈ ಬಗೆಯವು. ಎರಡರ ಸೊಂಟವೂ ಮರಳು ಗಡಿಯಾರದ ನಡುವಿನ ಹಾಗೆ ಕಿರಿದಾಗಿತ್ತು.

ಅಳತೆ ಕೇಳಿ ಮೈ ಕಟ್ಟುವವು

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ರೂಪಿಸಿದ 'ಬಾಡಿ ವಿಶುವಲೈಜರ್' ಈ ಬಗೆಯದು. ಎತ್ತರ, ತೂಕದ ಜೊತೆಗೆ ಎದೆ, ಸೊಂಟ, ನಿತಂಬ, ಕಾಲಿನ ಒಳ ಉದ್ದ, ವಾರಕ್ಕೆ ಎಷ್ಟು ಗಂಟೆ ವ್ಯಾಯಾಮ ಎಂಬುದನ್ನೂ ಹೇಳಬಹುದು. ಬರುವುದು ಬೂದು ಬಣ್ಣದ, ಮುಖದ ಗುರುತಿಲ್ಲದ ಆಕೃತಿ. ತಿರುಗಿಸಿ ಬೆನ್ನನ್ನೂ ಪಕ್ಕವನ್ನೂ ನೋಡಬಹುದು. ಫೋಟೋ ಕೊಡಬೇಕಿಲ್ಲ. ದರ್ಜಿಯಾಗಿ ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದದ್ದು ಇದು, ಏಕೆಂದರೆ ಇದು ನಾನು ಕೇಳುವುದನ್ನೇ ಕೇಳುತ್ತದೆ.

ಆದರೆ ಇಲ್ಲಿ ಬಹುತೇಕರು ಎಡವುವುದು 'ಸೊಂಟ' ಎಂಬ ಒಂದು ಪದದಲ್ಲಿ. ದರ್ಜಿಯ ಸೊಂಟ ಲಂಗದ ಲಾಡಿ ಕಟ್ಟುವ ಜಾಗ. ಕೆಲವರು ಹೊಕ್ಕುಳಿನ ಮೇಲೆ ಕಟ್ಟುತ್ತಾರೆ, ಕೆಲವರು ಕೆಳಗೆ. ವೈದ್ಯರ ಸೊಂಟ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವಿನ ಜಾಗ. ದಕ್ಷಿಣ ಏಷ್ಯಾದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ವಹಿಸಬೇಕೆನ್ನುವುದು ಆ ಜಾಗದ ಅಳತೆಗೆ. ಪ್ಯಾಂಟಿನ ಪಟ್ಟಿಯ ಮೇಲೆ ಬರೆದಿರುವ ಸಂಖ್ಯೆಯಂತೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಒಬ್ಬರದೇ ಮೈಯಲ್ಲಿ ಈ ಮೂರರ ನಡುವೆ ಎರಡು ಮೂರು ಇಂಚು ಅಂತರ ಬರುವುದನ್ನು ನಾನೇ ಅಳೆದು ನೋಡಿದ್ದೇನೆ. ಉಪಕರಣಕ್ಕೆ ಹಾಕುವ ಮುಂಚೆ ತೆಳುವಾದ ಬಟ್ಟೆಯ ಮೇಲೆ, ಉಸಿರು ಸಹಜವಾಗಿ ಬಿಟ್ಟ ಕ್ಷಣದಲ್ಲಿ, ಟೇಪು ಬಿಗಿಯದೆ, ಬೆನ್ನಿನ ಕಡೆ ಜಾರದೆ ನೆಲಕ್ಕೆ ಸಮನಾಗಿರುವಂತೆ ಹಿಡಿದು ಅಳೆಯಿರಿ. ಯಾವ ಜಾಗದಲ್ಲಿ ಅಳೆದಿರೋ ಅದನ್ನೇ ಮುಂದಿನ ತಿಂಗಳೂ ಅಳೆಯಿರಿ.

ಇನ್ನೊಂದು ಪರೀಕ್ಷೆಯನ್ನು ಎಲ್ಲ ಉಪಕರಣಗಳಿಗೂ ಒಡ್ಡಬಹುದು. ಮುಂದಿನದನ್ನು ಊಹಿಸಲು ಹೇಳುವ ಮೊದಲು, ಆಗಿಹೋದದ್ದನ್ನು ಊಹಿಸಲು ಹೇಳಿ. ಎರಡು ಮೂರು ವರ್ಷದ ಹಿಂದಿನ ನಿಮ್ಮ ತೂಕ ಮತ್ತು ಅಳತೆ ಗೊತ್ತಿದ್ದರೆ ಅವನ್ನು ಹಾಕಿ. ಹಳೆಯ ದರ್ಜಿಯ ಪುಸ್ತಕದಲ್ಲಿ ಅಳತೆ ಸಿಕ್ಕೀತು. ಆಮೇಲೆ ತೂಕವನ್ನು ಮಾತ್ರ ಇಂದಿನದಕ್ಕೆ ಬದಲಿಸಿ, ಬರುವ ಆಕೃತಿಯನ್ನು ಕನ್ನಡಿಯ ಜೊತೆ ಹೋಲಿಸಿ. ಇಂದಿನ ನಿಮ್ಮನ್ನೇ ತಪ್ಪಾಗಿ ಬಿಡಿಸಿದ ಉಪಕರಣದ ಫೆಬ್ರವರಿಯ ಚಿತ್ರವನ್ನು ನಂಬಿ ನಾನು ಕತ್ತರಿ ಆಡಿಸುವುದಿಲ್ಲ.

ಈ ಬೂದು ಆಕೃತಿ ತೋರಿಸದ ಸಂಗತಿಯೂ ಇದೆ. ಸಡಿಲವಾದ ಚರ್ಮ ಅದರಲ್ಲಿಲ್ಲ. ಮೂವತ್ತು ಕಿಲೋ ಇಳಿದವರ ಮೇಲ್ದೋಳು ಮತ್ತು ಹೊಟ್ಟೆಯ ಚರ್ಮ ಹಿಂದಕ್ಕೆ ಎಳೆದುಕೊಳ್ಳಲು ಬಹಳ ಕಾಲ ಬೇಕು. ಕೆಲವರಲ್ಲಿ ಪೂರ್ತಿಯಾಗಿ ಆಗುವುದೇ ಇಲ್ಲ. 2025ರಲ್ಲಿ ತೂಕ ಇಳಿಸುವ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ಬೇಗನೆ ಇಳಿದವರು ನನ್ನ ಅಂಗಡಿಗೂ ಬರುತ್ತಿದ್ದಾರೆ. ಅವರಿಗೆ ಮೊಳಕೈವರೆಗಿನ ತೋಳು, ಒಳಗೆ ಗಟ್ಟಿ ಅಸ್ತರು ಹಾಕಿ ಹೊಲಿಯುತ್ತೇನೆ. ಬೇಗ ಇಳಿದಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಸಾಕಷ್ಟು ಪ್ರೋಟೀನು, ಭಾರ ಎತ್ತುವ ವ್ಯಾಯಾಮ ಬೇಕೆನ್ನುವುದು ವೈದ್ಯರ ಮಾತು.

ನಿಮ್ಮ ಫೋಟೋವನ್ನೇ ತಿದ್ದುವವು

ಹುಡುಗಿಯ ಮೂರನೆಯ ಚಿತ್ರ ಇಂಥದ್ದು. ಫೋಟೋ ಕೊಟ್ಟರೆ ಕೃತಕ ಬುದ್ಧಿಮತ್ತೆ ಹತ್ತು ಕಿಲೋ ಇಳಿಸಿ ಕೊಡುತ್ತದೆ. ಮುಖ ನಿಮ್ಮದೇ, ಹಿಂದಿನ ಗೋಡೆಯೂ ನಿಮ್ಮ ಮನೆಯದೇ, ಆದ್ದರಿಂದ ಮನಸ್ಸನ್ನು ಹಿಡಿಯುವ ಶಕ್ತಿ ಇದಕ್ಕೆ ಎಲ್ಲಕ್ಕಿಂತ ಹೆಚ್ಚು. ನಾಲ್ಕರಲ್ಲಿ ನನಗೆ ಅತ್ಯಂತ ಆತಂಕ ತಂದದ್ದೂ ಇದೇ.

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೈ ಸಣ್ಣಗಾದದ್ದಷ್ಟೇ ಅಲ್ಲ, ಬಣ್ಣ ತಿಳಿಯಾಗಿತ್ತು, ಮೂಗು ಚೂಪಾಗಿತ್ತು, ಭುಜ ಅಗಲಕ್ಕೆ ತೆರೆದುಕೊಂಡು ಬೆನ್ನು ನೆಟ್ಟಗಾಗಿತ್ತು, ಕುತ್ತಿಗೆ ಒಂದಿಂಚು ಉದ್ದವಾಗಿತ್ತು. ಹಿಂದಿನ ಬಾಗಿಲಿನ ಚೌಕಟ್ಟು ಸೊಂಟದ ಬಳಿ ಬಾಗಿತ್ತು. ತೂಕ ಇಳಿದರೆ ಮೂಗು ಬದಲಾಗುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. 62 ಕಿಲೋ ಮುಟ್ಟಿದ ದಿನವೂ ಅವಳು ಕನ್ನಡಿಯಲ್ಲಿ ಆ ಚಿತ್ರವನ್ನು ಕಾಣಲಾರಳು, ಮತ್ತು ತಪ್ಪು ತನ್ನದೆಂದೇ ತಿಳಿದಾಳು. ಅಷ್ಟು ಕಷ್ಟಪಟ್ಟವಳಿಗೆ ಅದು ದೊಡ್ಡ ಅನ್ಯಾಯ.

ಫೋಟೋದ ವಿಷಯ ಇನ್ನೂ ಗಂಭೀರ. ಬಿಗಿ ಬಟ್ಟೆಯಲ್ಲೋ ಒಳ ಉಡುಪಿನಲ್ಲೋ ತೆಗೆದ ಫೋಟೋ ಕೊಡಿ ಎಂದು ಕೆಲವು ಆ್ಯಪ್‌ಗಳು ಕೇಳುತ್ತವೆ. ಅಂಥದನ್ನು ಎಂದೂ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕೊಟ್ಟ ಒಪ್ಪಿಗೆ ಹಿಂಪಡೆಯುವ, ಮಾಹಿತಿ ಅಳಿಸುವಂತೆ ಕೇಳುವ ಹಕ್ಕುಗಳೇನೋ ಇವೆ. ಆದರೆ ವಿಳಾಸವೇ ಬರೆದಿರದ ಕಂಪನಿಯೊಂದರ ಪರದೇಶದ ಸರ್ವರಿನಲ್ಲಿ ಕುಳಿತ ಚಿತ್ರವನ್ನು ಅಳಿಸಿರೆಂದು ಯಾರ ಬಾಗಿಲು ತಟ್ಟುವುದು? ಬಳಸಲೇಬೇಕೆಂದಿದ್ದರೆ ಚೂಡಿದಾರದಲ್ಲಿ ತೆಗೆದ ಫೋಟೋ ಕೊಡಿ, ಮುಖದ ಭಾಗ ಕತ್ತರಿಸಿ ಕೊಡಿ, ಮೊಬೈಲಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಸ್ಥಳದ ಗುರುತು ಆರಿಸಿ ತೆಗೆದ ಫೋಟೋ ಕೊಡಿ. ಫೋಟೋವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ತಮ್ಮ ಯಂತ್ರಕ್ಕೆ ಕಲಿಸಲು ಬಳಸುತ್ತಾರೆಯೇ ಎಂದು ನಿಯಮಗಳಲ್ಲಿ ಹುಡುಕಿ. ಬರೆದಿಲ್ಲದಿದ್ದರೆ ಆ ಆ್ಯಪ್ ಬೇಡ.

ಹಣದ ಬಲೆಯೂ ಹೆಚ್ಚಾಗಿ ಇಲ್ಲಿಯೇ. ಮೂರು ದಿನ ಉಚಿತವೆಂದು ನಂಬಿ ನಾನು ಒಪ್ಪಿಗೆ ಒತ್ತಿದ ಒಂದು ಆ್ಯಪ್ ನಾಲ್ಕನೆಯ ದಿನ ವರ್ಷದ ಪೂರ್ತಿ ಹಣವನ್ನು ಖಾತೆಯಿಂದ ಎಳೆದುಕೊಂಡಿತು. ಯುಪಿಐ ಆ್ಯಪಿನಲ್ಲಿ, ತಾನಾಗಿಯೇ ಹಣ ಕಡಿತವಾಗಲು ಕೊಟ್ಟ ಅನುಮತಿಗಳಿರುವ 'ಆಟೋಪೇ' ಎಂಬ ವಿಭಾಗವಿದೆ. ಉಚಿತ ಅವಧಿಯ ಮೊದಲ ದಿನವೇ ಅಲ್ಲಿಗೆ ಹೋಗಿ ಅನುಮತಿ ರದ್ದು ಮಾಡಿ. ಮೊಬೈಲಿನಿಂದ ಆ್ಯಪನ್ನು ತೆಗೆದುಹಾಕಿದ ಮಾತ್ರಕ್ಕೆ ಹಣ ಕಡಿತ ನಿಲ್ಲುವುದಿಲ್ಲ.

ನಿಜವಾದ ಜನರ ಚಿತ್ರಗಳು

'ಮೈ ಬಾಡಿ ಗ್ಯಾಲರಿ' ಎಂಬ ತಾಣದಲ್ಲಿ ಎತ್ತರ, ತೂಕ, ಮೈಕಟ್ಟು ಆರಿಸಿದರೆ ಅದೇ ಅಳತೆಯ ನಿಜವಾದ ಹೆಂಗಸರ ಫೋಟೋಗಳು ಬರುತ್ತವೆ. ಅದರಲ್ಲಿ ನೀವಿಲ್ಲ, ಆದರೂ ಇದರ ಬಗ್ಗೆ ನನಗೆ ಗೌರವವಿದೆ. ಒಂದೇ ತೂಕದ ಹತ್ತು ಹೆಂಗಸರು ಹತ್ತು ಬಗೆಯಾಗಿರುವುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಸೀರೆಯುಟ್ಟ ನಮ್ಮ ಕಡೆಯ ಮೈಕಟ್ಟಿನವರು ಸಿಗುವುದು ಕಷ್ಟ. ಹುಡುಗಿಗೆ ಇದನ್ನು ತೋರಿಸಿದಾಗ ಅವಳು ಬಹಳ ಹೊತ್ತು ಮೌನವಾಗಿ ನೋಡಿದಳು. ಆಮೇಲೆ, "ಇವರೆಲ್ಲ ಚೆನ್ನಾಗಿಯೇ ಇದ್ದಾರಲ್ಲ" ಎಂದಳು.

ಚಿತ್ರ ಬಿಡಿಸದ, ಆದರೆ ಉಪಯೋಗಕ್ಕೆ ಬರುವ ಎರಡು

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 2025ರವರೆಗೆ ವಿಜ್ಞಾನಿಯಾಗಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರ ಗಣಿತದ ಮಾದರಿಯ ಮೇಲೆ ನಿಂತ 'ಬಾಡಿ ವೇಟ್ ಪ್ಲಾನರ್' ಎಂಬ ಲೆಕ್ಕಪಟ್ಟಿ, ಇಷ್ಟು ದಿನದಲ್ಲಿ ಇಷ್ಟು ಇಳಿಯಬೇಕಾದರೆ ಊಟ ಮತ್ತು ಓಡಾಟ ಎಷ್ಟು ಬದಲಾಗಬೇಕೆಂದು ಹೇಳುತ್ತದೆ. ತೂಕ ಇಳಿದಂತೆ ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುವುದನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಚಿತ್ರ ನಿಜವಾಗುವ ದಿನಾಂಕ ತಿಳಿಯಬೇಕಾದವರಿಗೆ ಇದು ಬೇಕು. ವಾರಕ್ಕೆ ಅರ್ಧದಿಂದ ಒಂದು ಕಿಲೋ ಎಂಬುದು ಸಾಮಾನ್ಯವಾಗಿ ವೈದ್ಯರು ಒಪ್ಪುವ ವೇಗ. ಐದು ತಿಂಗಳಲ್ಲಿ ಹತ್ತು ಕಿಲೋ ಅದರೊಳಗೇ ಬರುತ್ತದೆ, ರಾತ್ರಿ ಊಟ ಬಿಡಬೇಕಾಗಿಲ್ಲ.

ಇನ್ನೊಂದು, ವ್ಯಾಯಾಮಶಾಲೆಗಳಲ್ಲಿ ಮೆಟ್ಟಿ ನಿಲ್ಲುವ ದೇಹ ಸಂಯೋಜನೆಯ ಯಂತ್ರ. ಸಣ್ಣ ವಿದ್ಯುತ್ ಪ್ರವಾಹ ಹರಿಸಿ ಕೊಬ್ಬು, ಸ್ನಾಯುಗಳನ್ನು ಅಂದಾಜು ಮಾಡುತ್ತದೆ. ನೀರು ಕುಡಿದಿದ್ದೀರೋ, ಬೆವರಿದ್ದೀರೋ ಎಂಬುದರ ಮೇಲೆ ಅಂಕಿ ಏರುಪೇರಾಗುತ್ತದೆ. ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿದರೆ ಏರಿಳಿತದ ದಿಕ್ಕು ತಿಳಿಯುತ್ತದೆ.

ಮನೆಯ ಆಲ್ಬಮ್ಮು

ನೀವು ಬಯಸುವ ತೂಕದಲ್ಲಿ ಹಿಂದೊಮ್ಮೆ ಇದ್ದವರಾದರೆ, ಯಾವ ಜಾಲತಾಣಕ್ಕಿಂತಲೂ ನಿಮ್ಮ ಹಳೆಯ ಫೋಟೋ ಮೇಲು. ಇಲ್ಲಿನ ಕನ್ನಡಿಗರ ಸಂಘವಾದ ಮೈಸೂರು ಅಸೋಸಿಯೇಶನ್ನಿನ ಯಾವುದೋ ಕಾರ್ಯಕ್ರಮದ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿರುವ ನೀವೇ ಸಾಕು. ನಿಮ್ಮ ಮೂಳೆ, ನಿಮ್ಮ ಭುಜ, ನಿಮ್ಮ ನಿಲುವು ಅದರಲ್ಲಿವೆ. ಕೊಡಬೇಕಾದ ರಿಯಾಯಿತಿ ವಯಸ್ಸಿಗೆ. ಮುಟ್ಟು ನಿಂತ ಮೇಲೆ ಕೊಬ್ಬು ತೊಡೆಯಿಂದ ಹೊಟ್ಟೆಯ ಕಡೆಗೆ ಸರಿಯುವುದು ಸಹಜ; ಇಪ್ಪತ್ತೈದರ 60 ಕಿಲೋಗೂ ಐವತ್ತರ 60 ಕಿಲೋಗೂ ಒಂದೇ ರವಿಕೆ ಕೂರುವುದಿಲ್ಲ. ಆಲ್ಬಮ್ಮಿನ ಜೊತೆಗೆ ಒಂದು ಟೇಪು, ತಿಂಗಳಿಗೊಮ್ಮೆ ಅದೇ ಗೋಡೆಯ ಮುಂದೆ ಅದೇ ಬಟ್ಟೆಯಲ್ಲಿ ಒಂದು ಫೋಟೋ. ಖರ್ಚು ಟೇಪಿನದು ಮಾತ್ರ, ಫೋಟೋ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ.

ಯಾರಿಗೆ ಯಾವುದು

ಹಣ ಖರ್ಚು ಮಾಡಲಾರದವರಿಗೂ ಫೋಟೋ ಕೊಡಲು ಹಿಂಜರಿಯುವವರಿಗೂ ಅಳತೆ ಕೇಳುವ ಉಪಕರಣವೇ ಸಾಕು. ಪ್ರಾರಂಭಿಸಲು ಧೈರ್ಯ ಬೇಕಾದವರಿಗೂ ಅದನ್ನೇ ಹೇಳುತ್ತೇನೆ, ಹಳೆಯ ಫೋಟೋ ಇದ್ದರೆ ಜೊತೆಗೆ ಅದನ್ನೂ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಕಾರಣಕ್ಕೆ ವೈದ್ಯರು ಇಳಿಸಲು ಹೇಳಿದವರು ಚಿತ್ರಕ್ಕೆ ಹೆಚ್ಚು ಮನಸ್ಸು ಕೊಡಬೇಕಿಲ್ಲ. ಇದ್ದ ತೂಕದಲ್ಲಿ 5ರಿಂದ 10 ಪ್ರತಿಶತ ಇಳಿದರೇ ಸಕ್ಕರೆ, ಒತ್ತಡಗಳು ಸುಧಾರಿಸತೊಡಗುತ್ತವೆ. ಅಷ್ಟು ಇಳಿದದ್ದು ಕನ್ನಡಿಯಲ್ಲಿ ಅಷ್ಟಾಗಿ ಕಾಣದು, ಟೇಪಿನಲ್ಲಿ ಕಾಣುತ್ತದೆ. ಮೂವತ್ತು ನಲವತ್ತು ಕಿಲೋ ಇಳಿಸುವವರು ಯಾವ ಆಕೃತಿಯನ್ನೂ ನೆಚ್ಚದೆ, ಅಷ್ಟೇ ಇಳಿದ ನಿಜವಾದ ಜನರ ಫೋಟೋಗಳನ್ನು ನೋಡಲಿ. ಚರ್ಮದ ವಿಷಯ ಅಲ್ಲಿ ಮಾತ್ರ ತಿಳಿಯುತ್ತದೆ.

ಇವ್ಯಾವುವೂ ಬೇಡವೆಂದು ನಾನು ಕೈಮುಗಿದು ಹೇಳುವವರೂ ಇದ್ದಾರೆ: ಹದಿನೆಂಟು ತುಂಬದ ಮಕ್ಕಳು, ಬಸುರಿಯರು, ಊಟ ಬಿಡುವ ಅಥವಾ ತಿಂದದ್ದನ್ನು ವಾಂತಿ ಮಾಡುವ ಅಭ್ಯಾಸ ಎಂದಾದರೂ ಇದ್ದವರು, ಕನ್ನಡಿಯ ಮುಂದೆ ನಿಂತು ಅಳುವವರು. ಇಂಥವರಿಗೆ ಸಣ್ಣಗಾದ ಚಿತ್ರ ಇನ್ನೂ ಸಣ್ಣಗಾಗು ಎಂದು ಒತ್ತಾಯಿಸುತ್ತಲೇ ಇರುತ್ತದೆ. ಅವರು ಮಾತನಾಡಬೇಕಾದದ್ದು ವೈದ್ಯರ ಜೊತೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಹುಡುಗಿಗೆ ನಾನು ಹೇಳಿದ್ದು ಇಷ್ಟು: ನಾಲ್ಕು ಚಿತ್ರಗಳ ಪೈಕಿ ಅಳತೆ ಕೇಳಿ ಬಿಡಿಸಿದ ನಾಲ್ಕನೆಯದನ್ನು ಇಟ್ಟುಕೊ, ಅದಕ್ಕೆ ನೀನು ಕೊಟ್ಟದ್ದು ಎತ್ತರ, ತೂಕ ಮಾತ್ರ, ನಾನೀಗ ತೆಗೆದ ಅಳತೆಗಳನ್ನು ಹಾಕಿ ಮತ್ತೆ ನೋಡು. ಉಳಿದ ಮೂರನ್ನು ಅಳಿಸು, ರಾತ್ರಿ ಅಮ್ಮನ ಜೊತೆ ಊಟಕ್ಕೆ ಕೂರು. ರೇಷ್ಮೆಯನ್ನು ಈಗ ಕತ್ತರಿಸುವುದಿಲ್ಲ. ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿಯಬಹುದು, ಆದರೆ ಭುಜ ಮತ್ತು ಇಲ್ಲಿನ ದರ್ಜಿಗಳು ಮುಂಢಾ ಎನ್ನುವ ಕಂಕುಳ ಸುತ್ತು ಒಮ್ಮೆ ಕತ್ತರಿಸಿದರೆ ಮುಗಿಯಿತು. ಪ್ರತಿ ತಿಂಗಳು ಒಂದನೆಯ ತಾರೀಕು ಬಂದು ಅಳತೆ ಕೊಡು, ಜನವರಿಯ ಮೂರನೆಯ ವಾರ ಅಂದು ಇರುವ ಮೈಗೆ ಕತ್ತರಿಸುತ್ತೇನೆ, ಪಕ್ಕಗಳಲ್ಲಿ ಎರಡೆರಡು ಇಂಚು ಬಟ್ಟೆ ಬಿಡುತ್ತೇನೆ. ಅವಳು ಮೊನ್ನೆ ಬಂದಿದ್ದಳು. ತೂಕ ಒಂದೂವರೆ ಕಿಲೋ ಇಳಿದಿತ್ತು, ಎದೆಯಡಿ ಒಂದು ಇಂಚು, ಸೊಂಟ ಮುಕ್ಕಾಲು ಇಂಚು. ತಾರೀಕು ಹಾಕಿ ಬರೆದುಕೊಂಡೆ. ಅಸ್ತರಿನ ಬಟ್ಟೆಯನ್ನು ಮಾತ್ರ ನೀರಿಗೆ ಹಾಕಿ ಒಣಗಿಸಿ ಇಟ್ಟಿದ್ದೇನೆ.